ಹೇಳದೆ ಬಿಟ್ಟ ಮಾತು ಸುಳ್ಳಾಗುವುದು ಯಾವಾಗ?

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಸ್ಕೂಟರ್ ಮಾರಿದೆ. ಕೊಳ್ಳಲು ಬಂದವರು ಸ್ವಲ್ಪ ಪರಿಚಯದವರೇ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಇಂಜಿನ್ ಕೆಳಗೆ ಇಣುಕಿ, "ಆಯಿಲ್ ಗೀಯಿಲ್ ಸೋರಲ್ಲ ತಾನೇ?" ಅಂದರು. "ನೆಲ ನೋಡಿ ಸರ್, ಒಂದು ಹನಿ ಇದೆಯಾ?" ಅಂದೆ ನಾನು.

ಇರಲಿಲ್ಲ. ಯಾಕಂದರೆ ಅರ್ಧ ಗಂಟೆ ಮೊದಲು ನಾನೇ ಹಳೆ ಬನಿಯನ್ ತುಂಡಿನಿಂದ ನೆಲ ಒರೆಸಿದ್ದೆ, ಇಂಜಿನ್ನಿನ ಅಡಿಯನ್ನೂ ಒರೆಸಿದ್ದೆ. ಆಯಿಲ್ ಸೀಲ್ ಹೋಗಿದೆ ಎಂದು ಮೆಕ್ಯಾನಿಕ್ ಹೇಳಿ ಆಗಲೇ ಎರಡು ತಿಂಗಳಾಗಿತ್ತು.

ನಾನು ಒಂದೂ ಸುಳ್ಳು ಹೇಳಲಿಲ್ಲ. ಆವತ್ತಿನ ಮಾತನ್ನೆಲ್ಲ ರೆಕಾರ್ಡ್ ಮಾಡಿ ಕೇಳಿಸಿದರೂ ತಪ್ಪು ಹಿಡಿಯಲು ಒಂದು ಪದ ಸಿಗುವುದಿಲ್ಲ. ಆದರೂ ಅವರು ಗಾಡಿ ಓಡಿಸಿಕೊಂಡು ಹೋದ ಮೇಲೆ ಖುಷಿಯಾಗುವ ಬದಲು ಏನೋ ಒಂಥರಾ ಕಸಿವಿಸಿ. ಎಲ್ಲಿಯವರೆಗೆ ನಾನು ಸಾಚಾ ಇದ್ದೆ, ಎಲ್ಲಿಂದ ಮೋಸ ಶುರುವಾಯಿತು ಅಂತ ಯೋಚಿಸುತ್ತಾ ಹೋದೆ. ಆಗ ನನಗೆ ನಾನೇ ಹಾಕಿಕೊಳ್ಳಲು ಶುರು ಮಾಡಿದ ಪ್ರಶ್ನೆಗಳು ಕೆಳಗಿವೆ. ಹೇಳಲೋ ಬೇಡವೋ ಎಂದು ಒದ್ದಾಡುವಾಗ ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಜಾಸ್ತಿ ಜನ ನೇರವಾಗಿ ಕೊನೆಯ ಪ್ರಶ್ನೆಗೆ, ಅಂದರೆ 'ಹೇಗೆ ಹೇಳಲಿ' ಎಂಬಲ್ಲಿಗೆ ಹಾರುತ್ತಾರೆ. ಧೈರ್ಯ ಸಾಲದೆ ಅಲ್ಲೇ ಕೂತುಬಿಡುತ್ತಾರೆ.

ಮೊದಲು ಇದು ಗೊತ್ತಿರಲಿ: ಬಾಗಿಲು ಹಾಕಿಕೊಳ್ಳುವುದು ಸುಳ್ಳಲ್ಲ

ಎಲ್ಲವನ್ನೂ ಎಲ್ಲರಿಗೂ ಹೇಳಬೇಕು ಅಂತ ಯಾರೂ ಕೇಳುತ್ತಿಲ್ಲ. ನಿಮ್ಮ ಸಂಬಳ, ನಿಮ್ಮ ಕಾಯಿಲೆ, ಹಳೆಯ ಪ್ರೀತಿ, ಗೆಳತಿ ನಂಬಿ ಹೇಳಿದ ಗುಟ್ಟು, ಇವೆಲ್ಲ ನಿಮ್ಮ ಹತ್ತಿರವೇ ಇರಬಹುದು. "ಅದೊಂದು ಕೇಳಬೇಡಿ, ಹೇಳೋಕೆ ಇಷ್ಟವಿಲ್ಲ" ಅಂದರೆ ಎದುರಿನವರಿಗೆ ಬೇಜಾರಾಗಬಹುದು. ಆದರೆ ಮೋಸವಾಗುವುದಿಲ್ಲ. ಅಲ್ಲೊಂದು ಬಾಗಿಲಿದೆ, ಅದು ಮುಚ್ಚಿದೆ ಅಂತ ಅವರಿಗೆ ಗೊತ್ತು. ಬಾಗಿಲೇ ಇಲ್ಲ ಎನ್ನುವ ಹಾಗೆ ಗೋಡೆಗೆ ಸುಣ್ಣ ಬಳಿದುಬಿಟ್ಟರೆ ಆಗ ಬೇರೆ ಕಥೆ.

"ಹೇಗಿದ್ದೀರಾ?" ಅಂದಾಗ "ಚೆನ್ನಾಗಿದ್ದೀನಿ" ಅನ್ನುವುದನ್ನೂ ಈ ಲೆಕ್ಕಕ್ಕೆ ತರಬೇಡಿ. ಅದು ಮಾತಲ್ಲ, ನಮಸ್ಕಾರ. ಅದನ್ನು ಕೇಳಿ ಯಾರೂ ನಿಮ್ಮ ಆರೋಗ್ಯದ ಬಗ್ಗೆ ಏನೂ ನಿರ್ಧಾರ ಮಾಡುವುದಿಲ್ಲ.

ಹೆಜ್ಜೆ 1: ನಿಮ್ಮ ಮಾತನ್ನು ಬಿಡಿ, ಅವರು ಏನಂದುಕೊಂಡರು ನೋಡಿ

ಸಿಕ್ಕಿಬಿದ್ದಾಗ ನಾವೆಲ್ಲ ಹೇಳುವುದು ಒಂದೇ: "ನಾನು ಹೇಳಿದ್ದರಲ್ಲಿ ಸುಳ್ಳೇನಿದೆ?" ಈ ಪ್ರಶ್ನೆ ಕೇಳಿಕೊಂಡರೆ ಸದಾ ನಾವೇ ಗೆಲ್ಲುತ್ತೇವೆ. ಬದಲಿಗೆ ಒಂದು ಚೀಟಿ ತೆಗೆದುಕೊಳ್ಳಿ. 'ಈಗ ಅವರು ಏನು ಅಂದುಕೊಂಡಿದ್ದಾರೆ?' ಎಂಬುದಕ್ಕೆ ಒಂದೇ ಸಾಲಿನ ಉತ್ತರ ಬರೆಯಿರಿ. ನನ್ನ ಚೀಟಿಯಲ್ಲಿ ಇರಬೇಕಾಗಿದ್ದದ್ದು: 'ಈ ಸ್ಕೂಟರ್‌ನಲ್ಲಿ ಆಯಿಲ್ ಸೋರುವುದಿಲ್ಲ ಅಂದುಕೊಂಡಿದ್ದಾರೆ.' ಅದರ ಕೆಳಗೆ ನಿಮಗೆ ಗೊತ್ತಿರುವುದನ್ನು ಬರೆಯಿರಿ. ಎರಡು ಸಾಲೂ ತಾಳೆಯಾದರೆ ಚೀಟಿ ಹರಿದು ಹಾಕಿ ಆರಾಮಾಗಿರಿ. ತಾಳೆಯಾಗದಿದ್ದರೆ ಮುಂದಿನ ಹೆಜ್ಜೆಗೆ ಬನ್ನಿ.

ಮನಸ್ಸಿನಲ್ಲೇ ಯೋಚಿಸಿದರೆ ಸಾಲದು, ಬರೆಯಲೇಬೇಕು. ತಲೆಯೊಳಗೆ ಆ ಸಾಲು ಹೇಗೋ ಜಾರಿಕೊಂಡು 'ಅವರೇನೂ ಸರಿಯಾಗಿ ಕೇಳಲಿಲ್ಲವಲ್ಲ' ಎಂಬ ಕಡೆಗೆ ಹೊರಳಿಬಿಡುತ್ತದೆ.

ಹೆಜ್ಜೆ 2: ಅವರು ಹಾಗೆ ಅಂದುಕೊಂಡದ್ದರಲ್ಲಿ ನಿಮ್ಮ ಕೈವಾಡ ಎಷ್ಟು?

ಈ ವಿಷಯ ಬಂದರೆ ಅಶ್ವತ್ಥಾಮನ ಕಥೆ ಬರದೇ ಇರುವುದಿಲ್ಲ. ಧರ್ಮರಾಯ 'ಅಶ್ವತ್ಥಾಮ ಸತ್ತ' ಎಂದು ಗಟ್ಟಿಯಾಗಿ ಹೇಳಿ, 'ಆನೆ' ಎಂಬುದನ್ನು ಮೆಲ್ಲಗೆ ಸೇರಿಸಿದ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆಗ ನೆಲಕ್ಕೆ ಇಳಿಯಿತು. ನಾವು ಯಾವಾಗಲೂ ಆ ಪಿಸುಮಾತಿನ ಬಗ್ಗೆಯೇ ವಾದ ಮಾಡುತ್ತೇವೆ. ನನ್ನ ಕಣ್ಣು ಈಗೀಗ ಹೋಗುವುದು ಆನೆಯ ಕಡೆಗೆ. ಆ ಆನೆ ಯುದ್ಧದಲ್ಲಿ ತಾನಾಗಿ ಸತ್ತದ್ದಲ್ಲ. ಆ ಮಾತಿಗೆ ಆಧಾರ ಇರಲಿ ಅಂತಲೇ ಭೀಮ ಅದನ್ನು ಕೊಂದ. ಒಂದು ನಿಜ ಹೇಳುವುದಕ್ಕೆ ಇಷ್ಟೆಲ್ಲ ಸಿದ್ಧತೆ ಬೇಕಾಯಿತು ಅಂದರೆ ಅಲ್ಲೇ ಏನೋ ಸರಿಯಿಲ್ಲ, ಅಲ್ವಾ? ನನ್ನ ಬನಿಯನ್ ತುಂಡೂ ಅದೇ ಕೆಲಸ ಮಾಡಿತ್ತು.

ಆದ್ದರಿಂದ ಸುಮ್ಮನಿದ್ದದ್ದನ್ನು ಮಾತ್ರ ನೋಡಬೇಡಿ, ಸುಮ್ಮನಿರುವುದಕ್ಕೆ ಪಟ್ಟ ಶ್ರಮವನ್ನೂ ನೋಡಿ. ಏನಾದರೂ ಒರೆಸಿದಿರಾ? ಯಾವುದಾದರೂ ಕಾಗದವನ್ನು ಕಟ್ಟಿನ ಕೆಳಗೆ ಹಾಕಿದಿರಾ? ಮೆಸೇಜ್ ಅಳಿಸಿದಿರಾ? ವಿಷಯ ಹತ್ತಿರ ಬಂದಾಗ ಮಾತು ತಿರುಗಿಸಿದಿರಾ? ಗೊತ್ತಿರುವ ಇನ್ನೊಬ್ಬರಿಗೆ "ಅವರ ಹತ್ರ ಇದು ಹೇಳಬೇಡ" ಅಂದಿರಾ? ಒಂದಕ್ಕಾದರೂ ಹೌದು ಅಂತ ಬಂದರೆ ನೀವು ಸುಮ್ಮನೆ ಇರಲಿಲ್ಲ, ಕೆಲಸ ಮಾಡುತ್ತಿದ್ದಿರಿ.

ಎಲ್ಲಕ್ಕಿಂತ ನಯವಾದ ಉಪಾಯ ಇನ್ನೊಂದಿದೆ: ಕೇಳಿದ ಪ್ರಶ್ನೆ ಬಿಟ್ಟು ಪಕ್ಕದ ಪ್ರಶ್ನೆಗೆ ಉತ್ತರ ಕೊಡುವುದು. ಇದಕ್ಕೆ ಕೋರ್ಟಿನಲ್ಲೇ ಒಂದು ಪ್ರಸಿದ್ಧ ಉದಾಹರಣೆ ಇದೆ. 1966ರಲ್ಲಿ ಅಮೆರಿಕದ ಸಿನಿಮಾ ನಿರ್ಮಾಪಕ ಸ್ಯಾಮ್ಯುಯೆಲ್ ಬ್ರಾನ್‌ಸ್ಟನ್ ಅವರ ಕಂಪನಿಯ ದಿವಾಳಿ ವಿಚಾರಣೆ ನಡೆಯುತ್ತಿತ್ತು. ಪ್ರಮಾಣ ಮಾಡಿಸಿದ ಮೇಲೆ ವಕೀಲರು ಕೇಳಿದರು: ಸ್ವಿಸ್ ಬ್ಯಾಂಕಿನಲ್ಲಿ ನಿಮಗೆ ಖಾತೆ ಇದೆಯೇ? ಇಲ್ಲ ಅಂದರು. ಹಿಂದೆ ಯಾವಾಗಲಾದರೂ ಇತ್ತೇ? "ಕಂಪನಿಗೆ ಜ್ಯೂರಿಕ್‌ನಲ್ಲಿ ಸುಮಾರು ಆರು ತಿಂಗಳು ಒಂದು ಖಾತೆ ಇತ್ತು" ಅಂದರು. ಅದು ನಿಜ. ಆದರೆ ಅವರ ಸ್ವಂತ ಹೆಸರಿನಲ್ಲಿ ಜಿನೀವಾದಲ್ಲಿ ಸುಮಾರು ಐದು ವರ್ಷ ಖಾತೆ ಇತ್ತು. ಕೆಳಗಿನ ಕೋರ್ಟುಗಳು ಇದನ್ನು ಸುಳ್ಳು ಸಾಕ್ಷಿ ಎಂದವು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಶಿಕ್ಷೆಯನ್ನು ರದ್ದು ಮಾಡಿತು. ಉತ್ತರ ಅಕ್ಷರಶಃ ನಿಜವಾಗಿತ್ತು, ಜಾರಿಕೊಳ್ಳುವವರನ್ನು ಬಿಡದೆ ಇನ್ನೊಂದು ಪ್ರಶ್ನೆ ಕೇಳಿ ಹಿಡಿಯುವುದು ವಕೀಲರ ಕೆಲಸ ಎಂಬುದು ಅದರ ನಿಲುವು.

ಕೋರ್ಟಿಗೆ ಅದು ಸರಿ. ಅಲ್ಲಿ ಎದುರಿಗೆ ವಕೀಲರಿರುತ್ತಾರೆ. ಮನೆಯಲ್ಲಿ ನಿಮ್ಮ ಹೆಂಡತಿಯೋ ಗಂಡನೋ ಅಡ್ಡಸವಾಲು ಹಾಕಲಿ ಅಂತ ಕಾಯುತ್ತಾ ಕೂರುವುದು ಯಾವ ಸಂಸಾರ? "ವರದಿ ಮುಗೀತಾ?" ಅಂದರೆ "ಬೆಳಗ್ಗೆಯಿಂದ ಅದರ ಮುಂದೇ ಕೂತಿದ್ದೀನಿ ಸರ್" ಅನ್ನುವುದು, "ಅವನಿಗೆ ಮತ್ತೆ ಸಾಲ ಕೊಟ್ಟೆಯಾ?" ಅಂದರೆ "ಅವನು ಫೋನ್ ಮಾಡಿಯೇ ಒಂದು ತಿಂಗಳಾಯ್ತು" ಅನ್ನುವುದು, ಇವೆಲ್ಲ ಜ್ಯೂರಿಕ್ ಉತ್ತರಗಳೇ. ನಮ್ಮ ಮನೆಯಲ್ಲಿ ಈಗ ಇದಕ್ಕೆ ಅದೇ ಹೆಸರು. ಮಗಳು ನನಗೇ ಅನ್ನುತ್ತಾಳೆ, "ಅಪ್ಪಾ, ಜ್ಯೂರಿಕ್ ಬೇಡ."

ಸುಮ್ಮನಿದ್ದು ಮಾಡಿದ ತಪ್ಪು ನಮಗೆ ಯಾಕೆ ಹಗುರ ಅನ್ನಿಸುತ್ತದೆ? ಸ್ಪ್ರಾಂಕಾ, ಮಿನ್ಸ್ಕ್, ಬ್ಯಾರನ್ ಎಂಬ ಮೂವರು ಸಂಶೋಧಕರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರ ಮುಂದೆ ಒಂದು ಕಥೆ ಇಟ್ಟಿದ್ದರು. ಒಬ್ಬ ಟೆನಿಸ್ ಆಟಗಾರ ಮ್ಯಾಚ್‌ನ ಹಿಂದಿನ ರಾತ್ರಿ ಎದುರಾಳಿಯ ಜೊತೆ ಊಟಕ್ಕೆ ಕೂತಿದ್ದಾನೆ. ಎದುರಾಳಿಗೆ ಯಾವುದು ತಿಂದರೆ ಆಗುವುದಿಲ್ಲ ಅಂತ ಇವನಿಗೆ ಗೊತ್ತು. ಒಂದು ರೂಪದಲ್ಲಿ ಇವನೇ ಅದನ್ನು ತಿನ್ನಲು ಹೇಳುತ್ತಾನೆ. ಇನ್ನೊಂದರಲ್ಲಿ ಎದುರಾಳಿ ತಾನಾಗಿ ಅದನ್ನೇ ತರಿಸಿಕೊಳ್ಳುವಾಗ ಇವನು ಬಾಯಿ ಬಿಡುವುದಿಲ್ಲ. ಎರಡರಲ್ಲೂ ಉದ್ದೇಶ ಒಂದೇ, ನಾಳೆ ಗೆಲ್ಲಬೇಕು. ಆದರೂ ಹಲವರಿಗೆ ಬಾಯಿ ಬಿಟ್ಟವನೇ ಹೆಚ್ಚು ಕೆಟ್ಟವನಾಗಿ ಕಂಡ. ನಮ್ಮ ಒಳಗಿನ ತಕ್ಕಡಿ ಮೊದಲೇ ಮೌನದ ಕಡೆಗೆ ವಾಲಿಕೊಂಡಿದೆ. ತೂಗುವಾಗ ಅದು ನೆನಪಿರಲಿ.

ಹೆಜ್ಜೆ 3: ಗೊತ್ತಾದರೆ ಅವರು ಬೇರೆ ಏನಾದರೂ ಮಾಡುತ್ತಿದ್ದರಾ?

ತಪ್ಪು ತಿಳಿದುಕೊಂಡಿರುವವರನ್ನೆಲ್ಲ ತಿದ್ದುತ್ತಾ ಕೂತರೆ ಆಯುಷ್ಯ ಸಾಲದು. ನಿಮ್ಮ ವಯಸ್ಸನ್ನು ಯಾರೋ ಐದು ವರ್ಷ ಕಡಿಮೆ ಅಂದುಕೊಂಡರೆ ಖುಷಿಪಡಿ, ಬಿಡಿ. ಆದರೆ ಆ ತಪ್ಪು ತಿಳಿವಳಿಕೆಯ ಮೇಲೆ ಅವರು ದುಡ್ಡು ಹಾಕುತ್ತಿದ್ದಾರಾ, ಸಹಿ ಹಾಕುತ್ತಿದ್ದಾರಾ, ಮದುವೆಯಾಗುತ್ತಿದ್ದಾರಾ, ಕೆಲಸ ಬಿಡುತ್ತಿದ್ದಾರಾ, ಅಥವಾ ಯಾವುದನ್ನಾದರೂ ಮುಂದೂಡುತ್ತಿದ್ದಾರಾ?

ಈ ಕೊನೆಯದನ್ನು ನಾವು ಮರೆಯುತ್ತೇವೆ. ನಮ್ಮ ದೊಡ್ಡಪ್ಪನ ಕಾಯಿಲೆ ಎಷ್ಟು ಮುಂದುವರಿದಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರಿಗೆ ಬಿಟ್ಟು. ಅವರಿಗೆ ದೂರದ ಊರಲ್ಲಿದ್ದ ತಂಗಿಯನ್ನು ನೋಡಬೇಕೆಂದು ಬಹಳ ಆಸೆ. "ಬಿಸಿಲು ಕಡಿಮೆಯಾಗಲಿ, ಸ್ವಲ್ಪ ಮೈಯಲ್ಲಿ ಶಕ್ತಿ ಬರಲಿ, ಹೋಗಿ ಬರ್ತೀನಿ" ಅನ್ನುತ್ತಿದ್ದರು. ನಾವು "ಹೂಂ, ಹೋಗೋಣ" ಅಂತ ತಲೆ ಆಡಿಸುತ್ತಿದ್ದೆವು. ಪ್ರೀತಿಯಿಂದಲೇ. ಬಿಸಿಲು ಕಡಿಮೆಯಾಗುವಷ್ಟರಲ್ಲಿ ಅವರು ಇರಲಿಲ್ಲ. ನಾವು ಅವರಿಂದ ಬಚ್ಚಿಟ್ಟದ್ದು ಕಾಯಿಲೆಯನ್ನು ಅಂದುಕೊಂಡಿದ್ದೆವು. ಕಳೆದದ್ದು ಆ ಪ್ರಯಾಣವನ್ನು.

ಹಾಗಂತ ರೋಗಿಯ ಮುಂದೆ ರಿಪೋರ್ಟ್ ಓದಿ ಹೇಳಿ ಅನ್ನುತ್ತಿಲ್ಲ. ಕೆಲವರಿಗೆ ನಿಜವಾಗಿಯೂ ತಿಳಿಯುವುದು ಬೇಡವಾಗಿರುತ್ತದೆ. ಅದು ಅವರ ಹಕ್ಕು. ಆದರೆ ಅದನ್ನು ಅವರನ್ನೇ ಕೇಳಿ ತಿಳಿದುಕೊಳ್ಳಬೇಕು, ಮತ್ತು ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಕೇಳಬೇಕು: "ರಿಪೋರ್ಟ್ ಬಂದ ಮೇಲೆ ಎಲ್ಲ ವಿವರ ನಿಮಗೇ ಹೇಳಲಾ, ಅಥವಾ ನಾನೇ ನೋಡಿಕೊಳ್ಳಲಾ?" ನಾವು ಈ ಒಂದು ಪ್ರಶ್ನೆ ಕೇಳಲಿಲ್ಲ.

ಹೆಜ್ಜೆ 4: ಅವರಿಗೆ ತಿಳಿಯುವ ಹಕ್ಕಿದೆಯಾ?

ನನಗೆ ಅತ್ಯಂತ ಸಹಾಯ ಮಾಡಿದ್ದು ಒಂದು ಕಾನೂನು. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು ವಂಚನೆ ಅಂದರೇನು ಎಂದು ಹೇಳುತ್ತದೆ. ಬರೀ ಮೌನ ವಂಚನೆಯಲ್ಲ, ಆದರೆ ಮಾತಾಡಬೇಕಾದ ಹೊಣೆ ಇದ್ದಾಗ ಅಥವಾ ಮೌನವೇ ಮಾತಿಗೆ ಸಮನಾದಾಗ ಅದು ವಂಚನೆಯಾಗುತ್ತದೆ ಎಂಬುದು ಅದರ ಸಾರ. ಅದಕ್ಕೆ ಕೊಟ್ಟ ಮೊದಲ ಮೂರು ಉದಾಹರಣೆಗಳು ಕುದುರೆಯದ್ದು. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಅದಕ್ಕೆ ದೋಷವಿದೆ ಅಂತ ಅವನಿಗೆ ಗೊತ್ತು, ಸುಮ್ಮನಿರುತ್ತಾನೆ. ಇದು ವಂಚನೆಯಲ್ಲ. ಕೊಳ್ಳುವವಳು ಈಗಷ್ಟೇ ವಯಸ್ಕಳಾದ ಅವನ ಮಗಳಾಗಿದ್ದರೆ? ಹೇಳಲೇಬೇಕು. ಸಂಬಂಧವೇ ಆ ಹೊಣೆ ತರುತ್ತದೆ. ಮೂರನೆಯದು ನನ್ನದೇ ಕಥೆ: ಕೊಳ್ಳುವವನು "ನೀನು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತಲೇ ತಿಳಿಯುತ್ತೇನೆ" ಅನ್ನುತ್ತಾನೆ, ಮಾರುವವನು ಬಾಯಿ ಬಿಡುವುದಿಲ್ಲ. ಇಲ್ಲಿ ಮೌನ ಮಾತಿಗೆ ಸಮ.

"ಸೋರಲ್ಲ ತಾನೇ?" ಎಂಬ ಮಾತಿನಲ್ಲಿರುವ ಆ 'ತಾನೇ' ಇದೆಯಲ್ಲ, ಅದು ಈ ಮೂರನೇ ಕುದುರೆ. ಯಾರಾದರೂ 'ತಾನೇ', 'ಅಲ್ವಾ', 'ಅಂದುಕೊಂಡಿದ್ದೀನಿ' ಅಂತ ಮಾತು ಮುಗಿಸಿದರೆ ಕಿವಿ ನೆಟ್ಟಗಾಗಲಿ. ಅವರು ನಿಮ್ಮ ಮೌನದ ಮೇಲೆ ಕಾಲಿಡಲು ಹೊರಟಿದ್ದಾರೆ.

ಕಾನೂನು ಹಾಕಿದ ಗೆರೆ ಕನಿಷ್ಠದ್ದು ಅಷ್ಟೆ. ಅದರ ಮೇಲೆ ನಾನು ಇಟ್ಟುಕೊಂಡಿರುವ ಅಂದಾಜು ಇದು: ಎದುರಿನವರು ನಿಮ್ಮನ್ನು ಎಷ್ಟು ನಂಬಿದ್ದಾರೋ, ಮತ್ತು ಸ್ವಂತವಾಗಿ ತಿಳಿದುಕೊಳ್ಳುವ ದಾರಿ ಅವರಿಗೆ ಎಷ್ಟು ಕಡಿಮೆಯಿದೆಯೋ, ನಿಮ್ಮ ಹೊಣೆ ಅಷ್ಟು ಜಾಸ್ತಿ. ಸಂದರ್ಶನದಲ್ಲಿ ಹಳೆಯ ಬಾಸ್ ಜೊತೆ ನಡೆದ ಜಗಳವನ್ನು ನೀವಾಗಿ ತೆಗೆಯಬೇಕಿಲ್ಲ. ನಿಮ್ಮ ಜೊತೆ ಪಾಲುದಾರಿಕೆಯಲ್ಲಿ ಅಂಗಡಿ ತೆರೆಯುವವರಿಗೆ ನಿಮ್ಮ ಸಾಲ ಹೇಳಲೇಬೇಕು.

ಕೆಡುಕು ಮಾಡಲು ಬಂದವರಿಗೆ ನಿಜ ತಿಳಿಯುವ ಹಕ್ಕಿದೆಯೇ? 1797ರಲ್ಲಿ ಇದರ ಮೇಲೆ ಇಬ್ಬರು ದೊಡ್ಡವರು ಕಿತ್ತಾಡಿದರು. ಗೆಳೆಯನನ್ನು ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು 'ಅವನು ಒಳಗಿದ್ದಾನಾ?' ಅಂದರೆ ಏನನ್ನಬೇಕು? ನಿಜಕ್ಕೆ ಹಕ್ಕಿರುವವರಿಗೆ ಮಾತ್ರ ನಿಜ ಹೇಳುವ ಹೊಣೆ ಎಂದರು ಫ್ರೆಂಚ್ ಚಿಂತಕ ಬೆಂಜಮಿನ್ ಕಾನ್ಸ್ಟಂಟ್. ಆಗಲೂ ಸುಳ್ಳು ಕೂಡದು ಎಂದರು ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್. ತಮಾಷೆ ಏನೆಂದರೆ, ಧರ್ಮದ ಬಗ್ಗೆ ಬರೆಯಬೇಡ ಎಂದು 1794ರಲ್ಲಿ ಅವರ ದೇಶವಾದ ಪ್ರಷ್ಯಾದ ರಾಜ ಗದರಿಸಿದಾಗ ಇದೇ ಕಾಂಟ್ 'ತಮ್ಮ ಅತ್ಯಂತ ನಿಷ್ಠಾವಂತ ಪ್ರಜೆಯಾಗಿ' ಬರೆಯುವುದಿಲ್ಲ ಎಂದು ಮಾತು ಕೊಟ್ಟರು. 1797ರಲ್ಲಿ ರಾಜ ತೀರಿಕೊಂಡ. ಇನ್ನು ನಾನು ಅವನ ಪ್ರಜೆಯಲ್ಲವಲ್ಲ ಎಂದು ಮತ್ತೆ ಬರೆದರು. ಆ ಪದಗಳನ್ನು ಬೇಕೆಂದೇ ಆರಿಸಿದ್ದೆ ಎಂದು 1798ರಲ್ಲಿ ಅವರೇ ಹೇಳಿಕೊಂಡರು. ಸುಳ್ಳನ್ನು ಅಷ್ಟು ಕಟುವಾಗಿ ವಿರೋಧಿಸಿದವರಿಗೂ ಜ್ಯೂರಿಕ್ ಬೇಕಾಯಿತು. ನಾನಂತೂ ಬಾಗಿಲ ಬಳಿ ಕಾನ್ಸ್ಟಂಟ್ ಪಕ್ಷ. ಆದರೆ ದಿನನಿತ್ಯ ನಮ್ಮ ಬಾಗಿಲಿಗೆ ಬರುವವರು ಕೊಲೆಗಾರರಲ್ಲ, ಅಕ್ಕತಂಗಿಯರು, ಗಿರಾಕಿಗಳು. ಅವರನ್ನು ಕೊಲೆಗಾರರ ಲೆಕ್ಕಕ್ಕೆ ಸೇರಿಸಿ ತಪ್ಪಿಸಿಕೊಳ್ಳಬೇಡಿ.

ಹೆಜ್ಜೆ 5: ಹೇಗೆ ಹೇಳುವುದು

ಇಲ್ಲಿಯವರೆಗೆ ಬಂದಿದ್ದೀರಿ ಅಂದರೆ ಹೇಳಬೇಕಾದ್ದೇ. ಅವರು ನಿರ್ಧಾರ ಮಾಡುವ ಮುಂಚೆ ಹೇಳಿ. ಮುಂಗಡ ಕೊಟ್ಟ ಮೇಲೆ ಹೇಳಿದರೆ ಅದು ಬರೀ ಸುದ್ದಿ. ಮೊದಲ ವಾಕ್ಯದಲ್ಲೇ ವಿಷಯ ಇಡಿ. "ಗಾಡಿ ಚೆನ್ನಾಗಿದೆ, ಮೈಲೇಜ್ ಚೆನ್ನಾಗಿದೆ, ಟೈರ್ ಹೊಸದು, ಹಾಗೆ ನೋಡಿದರೆ ಸ್ವಲ್ಪ..." ಅಂತ ಎಳೆದರೆ ಅವರು ಕೇಳಿಸಿಕೊಳ್ಳುವುದು ಟೈರ್ ಮಾತ್ರ. "ಆಯಿಲ್ ಸೋರುತ್ತೆ. ಸೀಲ್ ಹಾಕಿಸಬೇಕು" ಅನ್ನಿ. ಆಮೇಲೆ ಬೇಕಾದರೆ ಟೈರ್ ಹೊಗಳಿ.

ಪೂರ್ತಿ ಹೇಳಲಾಗದ ಕಡೆ ಎಷ್ಟು ಹೇಳುತ್ತಿಲ್ಲ ಅನ್ನುವುದನ್ನಾದರೂ ಹೇಳಿ. "ಇದರಲ್ಲಿ ಇನ್ನೊಬ್ಬರ ವಿಷಯವಿದೆ, ನಾನು ಹೇಳೋ ಹಾಗಿಲ್ಲ. ಆದರೆ ಸಹಿ ಹಾಕೋ ಮೊದಲು ನೀನೇ ಅವರನ್ನು ಕೇಳು." ಗುಟ್ಟೂ ಉಳಿಯಿತು, ಬಾಗಿಲೂ ಕಂಡಿತು. ಒಂದು ಎಚ್ಚರಿಕೆ: "ಇನ್ನೊಬ್ಬರ ವಿಷಯ ನಾನು ಹೇಳೋ ಹಾಗಿಲ್ಲ" ಎಂಬ ಮಾತನ್ನು ನಿಜವಾಗಿ ಏನೂ ಇಲ್ಲದ ದಿನವೂ ಹೇಳುವ ಅಭ್ಯಾಸ ಇರಬೇಕು. ಇಲ್ಲದಿದ್ದರೆ "ಹೇಳೋ ಹಾಗಿಲ್ಲ" ಅಂದ ತಕ್ಷಣ ಎಲ್ಲ ಹೇಳಿದ ಹಾಗೆಯೇ ಆಗುತ್ತದೆ.

ಇನ್ನು ನಿಮ್ಮ ಅಭಿಪ್ರಾಯ. ಅದು ಮಾಹಿತಿಯಲ್ಲ. ಗೆಳೆಯನ ಹೊಸ ಅಂಗಿ ನಿಮಗೆ ಹಿಡಿಸದಿದ್ದರೆ ಸುಮ್ನೆ ಇರಿ.

ಹೇಳುವುದು ಯಾರಿಗೋಸ್ಕರ ಅಂತಲೂ ನೋಡಿಕೊಳ್ಳಿ. ಹತ್ತು ವರ್ಷದ ಹಿಂದಿನ ಯಾವುದೋ ತಪ್ಪನ್ನು ರಾತ್ರಿ ಹನ್ನೊಂದಕ್ಕೆ ಎಬ್ಬಿಸಿ ಹೇಳಿ ನೀವು ಗಾಢ ನಿದ್ದೆ ಮಾಡಿ, ಅವರು ಬೆಳಗಿನ ತನಕ ಎದ್ದು ಕೂತರೆ, ನೀವು ಮಾಡಿದ್ದು ಭಾರದ ವರ್ಗಾವಣೆ. ಹೆಜ್ಜೆ 3ಕ್ಕೆ ವಾಪಸ್ ಹೋಗಿ. ಅವರು ಅದರಿಂದ ಏನಾದರೂ ನಿರ್ಧರಿಸಬೇಕಾಗಿದೆಯಾ? ಇದ್ದರೆ ಹಗಲಿನಲ್ಲಿ, ಅವರಿಗೆ ಪ್ರಶ್ನೆ ಕೇಳಲು ಸಮಯ ಇರುವ ಹಾಗೆ ಹೇಳಿ.

ಕಾಲ ಮೀರಿದ್ದರೆ

ಮೀರಿದ್ದರೂ ಹೇಳಿ, ಆದರೆ ಬರಿಗೈಯಲ್ಲಿ ಹೋಗಬೇಡಿ. ಕ್ಷಮೆಯ ಜೊತೆಗೆ ಸರಿಪಡಿಸುವ ಒಂದು ದಾರಿಯೂ ಕೈಯಲ್ಲಿರಲಿ. ಕಾರಣ ಹೇಳಬೇಡಿ. 'ನೀವು ಕೇಳಲಿಲ್ಲ' ಎಂಬ ಮಾತಂತೂ ಬಾಯಿಗೆ ಬರಲೇಬಾರದು.

ಸ್ಕೂಟರ್ ಮಾರಿ ಆರು ತಿಂಗಳಾದ ಮೇಲೆ ನಾನು ಅವರಿಗೆ ಫೋನ್ ಮಾಡಿದೆ. "ಆಯಿಲ್ ಸೋರುವುದು ನನಗೆ ಗೊತ್ತಿತ್ತು. ನೀವು ಬರುವ ಮೊದಲು ಒರೆಸಿದ್ದೆ. ಸೀಲ್ ಹಾಕಿಸಿದ ಖರ್ಚು ನಾನು ಕೊಡುತ್ತೇನೆ" ಅಂದೆ. ಮೊದಲೇ ಕನ್ನಡಿ ಮುಂದೆ ಮೂರು ಸಲ ಹೇಳಿ ನೋಡಿಕೊಂಡಿದ್ದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಗೊತ್ತು ಬಿಡಿ. ಮನೆಗೆ ಹೋಗಿ ಡಿಕ್ಕಿ ತೆಗೆದ್ರೆ ಎಣ್ಣೆ ಬನಿಯನ್ ಅಲ್ಲೇ ಇತ್ತು" ಅಂದರು.

ಅರ್ಧ ಖರ್ಚು ಮಾತ್ರ ತೆಗೆದುಕೊಂಡರು. ಉಳಿದರ್ಧ, ಕೊಳ್ಳುವ ಮೊದಲು ಡಿಕ್ಕಿ ತೆಗೆದು ನೋಡದ್ದಕ್ಕಂತೆ.